ಕೈಯಲ್ಲಿ ಹಿಡಿಯುವ ಮೊನೊಕ್ಯುಲರ್‌ನಲ್ಲಿ ನಕ್ಷತ್ರ ನೋಡಬಹುದಾ?

ಟೆಲಿಸ್ಕೋಪ್‌ಗೆ ದುಡ್ಡು ಹಾಕುವ ಮುಂಚೆ 8×42 ಮೊನೊಕ್ಯುಲರ್, ಅಂದರೆ ಒಂದೇ ಕಣ್ಣಿಗೆ ಹಿಡಿದು ನೋಡುವ ಪುಟ್ಟ ದುರ್ಬೀನು, ಸಾಕಾ ಅಂತ ಕೇಳಿದ್ದೀರಿ. ಶುರು ಮಾಡೋಕೆ ಧಾರಾಳವಾಗಿ ಸಾಕು. 8 ಅಂದರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನೋದು, 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ರಾತ್ರಿ ಹೊತ್ತು ಈ ಅಗಲ ತುಂಬಾ ಮುಖ್ಯ, ಬೆಳಕು ಒಳಗೆ ಬರುವುದೇ ಅಲ್ಲಿಂದ ಅಲ್ವಾ? 12, 16 ಪಟ್ಟಿನದಕ್ಕೆ ಆಸೆಪಡಬೇಡಿ. ಕೈ ಸ್ವಲ್ಪ ನಡುಗಿದರೂ ನಕ್ಷತ್ರ ಕುಣಿಯುತ್ತದೆ.

ನಾನು ಚಿಕ್ಕಮಗಳೂರು ಕಡೆಯವನು. ಕಾಫಿ ಒಣಗಿಸುವ ಕಣದಲ್ಲಿ ಗೋಡೆಗೆ ಒರಗಿ ಕೂತು, ಮೊಣಕೈ ಎರಡನ್ನೂ ಮಂಡಿ ಮೇಲೆ ಊರಿ ನೋಡುತ್ತೇನೆ. ಮೊದಲು ಕೃತ್ತಿಕೆ ಹುಡುಕಿ. ಬರಿಗಣ್ಣಿಗೆ ಆರು ಚುಕ್ಕಿ ಕಂಡ ಜಾಗದಲ್ಲಿ ಹತ್ತಾರು ನಕ್ಷತ್ರ ಸಕ್ಕರೆ ಚೆಲ್ಲಿದ ಹಾಗೆ ಹೊಳೆಯುತ್ತವೆ, ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಕೈ ಗಟ್ಟಿಯಾಗಿ ನಿಂತರೆ ಗುರುವಿನ ಪಕ್ಕ ಸೂಜಿಮೊನೆಯಂಥ ಚುಕ್ಕಿಗಳೂ ಸಿಗುತ್ತವೆ, 1610ರಲ್ಲಿ ಗೆಲಿಲಿಯೋ ಕಂಡ ನಾಲ್ಕು ಚಂದ್ರರು ಅವೇ. ಶನಿಯ ಉಂಗುರ ಮಾತ್ರ ಇದರಲ್ಲಿ ಕಾಣಲ್ಲ. ಚಂದ್ರನನ್ನು ಹುಣ್ಣಿಮೆಗಿಂತ ಅಷ್ಟಮಿ ಹೊತ್ತಿಗೆ ನೋಡಿ, ಬೆಳಕು ಕತ್ತಲೆ ಸೇರುವ ಅಂಚಿನಲ್ಲಿ ಕುಳಿಗಳ ನೆರಳು ಚೆನ್ನಾಗಿ ಎದ್ದು ಕಾಣುತ್ತದೆ.

ಮಳೆಗಾಲದಲ್ಲಿ ಸುಮ್ನೆ ಕಾಯಬೇಡಿ, ಡಿಸೆಂಬರ್‌ನಿಂದ ಫೆಬ್ರವರಿ ನಮ್ಮ ಕಡೆಗೆ ಒಳ್ಳೆಯ ಕಾಲ. ಇಬ್ಬನಿ ಜಾಸ್ತಿ, ಗಾಜು ಮಬ್ಬಾದರೆ ಅಂಗಿಯಿಂದ ಉಜ್ಜದೆ ಹಾಗೇ ಆರಲು ಬಿಡಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20-30 ನಿಮಿಷ ಬೇಕು, ಅಷ್ಟು ಹೊತ್ತು ಮೊಬೈಲ್ ಜೇಬಲ್ಲೇ ಇರಲಿ. ಹಗಲು ಅಪ್ಪಿತಪ್ಪಿಯೂ ಸೂರ್ಯನತ್ತ ತಿರುಗಿಸಬೇಡಿ, ಕಣ್ಣೇ ಹೋಗಬಹುದು.