ಆಪ್ತಸಲಹೆ ಪ್ರಕರಣ: ಪದೇ ಪದೇ ಬೀಳುವ ಸರ್ವರ್ ಮತ್ತು ಅದರ ಹೊಣೆ ಹೊತ್ತವರು

(ಸಲಹಾರ್ಥಿಯ ಒಪ್ಪಿಗೆ ಪಡೆದು ಬರೆಯಲಾಗಿದೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಲಾಗಿದೆ.)

ಸಲಹಾರ್ಥಿ ಬೆಂಗಳೂರಿನ ಸಂಸ್ಥೆಯೊಂದರಲ್ಲಿ ಡೇಟಾಬೇಸ್ ನಿರ್ವಾಹಕರು. ವಯಸ್ಸು ಮೂವತ್ತರ ಆಸುಪಾಸು. ನಿದ್ದೆ ಬರುತ್ತಿಲ್ಲ, ಫೋನ್ ಸದ್ದಾದರೆ ಎದೆ ಹೊಡೆದುಕೊಳ್ಳುತ್ತದೆ, ಮಗುವಿನ ಮೇಲೆ ವಿನಾಕಾರಣ ರೇಗುತ್ತೇನೆ ಎಂಬ ದೂರುಗಳೊಂದಿಗೆ, ಪತ್ನಿಯ ಒತ್ತಾಯಕ್ಕೆ ಮಣಿದು ಬಂದಿದ್ದರು. ಮೊದಲ ಭೇಟಿಯುದ್ದಕ್ಕೂ ಫೋನ್ ಅವರ ಅಂಗೈಯಲ್ಲೇ ಇತ್ತು. ಮಾತಿನ ನಡುವೆ ಹೆಬ್ಬೆರಳು ತಾನಾಗಿ ಪರದೆಯನ್ನು ಕೆಳಗೆಳೆದು ಹೊಸ ಎಚ್ಚರಿಕೆ ಬಂದಿದೆಯೇ ಎಂದು ನೋಡುತ್ತಿತ್ತು.

ಅವರ ಹೊಣೆಯಲ್ಲಿದ್ದ ಮೈಎಸ್‌ಕ್ಯೂಎಲ್ (ಡೇಟಾಬೇಸ್ ನಡೆಸುವ ತಂತ್ರಾಂಶ) ಸರ್ವರ್ ಕೆಲವು ವಾರಗಳಿಂದ ನಡುರಾತ್ರಿ ಕಳೆದ ಮೇಲೆ ಇದ್ದಕ್ಕಿದ್ದಂತೆ ನಿಂತುಹೋಗುತ್ತಿತ್ತು. ಆ ಯಂತ್ರದ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್‌ನಲ್ಲಿ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಅದನ್ನು ತಕ್ಷಣವೇ ಮತ್ತೆ ಶುರುಮಾಡುತ್ತಿದ್ದುದರಿಂದ, ಬೆಳಿಗ್ಗೆ ಕಚೇರಿಗೆ ಬಂದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಡೇಟಾಬೇಸ್ ತನ್ನ ದೋಷಗಳನ್ನು ದಾಖಲಿಸುವ ಎರರ್ ಲಾಗ್‌ನಲ್ಲಿಯೂ ನಿಂತದ್ದೇಕೆ ಎಂಬ ಬಗ್ಗೆ ಒಂದು ಸಾಲೂ ಇರಲಿಲ್ಲ. ಹಿಂದಿನ ಬಾರಿ ಸರಿಯಾಗಿ ಮುಚ್ಚಿಲ್ಲವೆಂದೂ ಚೇತರಿಕೆ ಆರಂಭವಾಗಿದೆಯೆಂದೂ ಹೇಳುವ ಸಾಲುಗಳಷ್ಟೇ ಇದ್ದವು. "ಲಾಗ್‌ನಲ್ಲಿ ಕಾರಣನೇ ಇಲ್ಲ ಅಂದ್ಮೇಲೆ ನಾನೇ ಎಲ್ಲೋ ತಪ್ಪು ಮಾಡಿದೀನಿ ಮೇಡಂ" ಎಂದು ಅವರು ತಗ್ಗಿದ ದನಿಯಲ್ಲಿ ಹೇಳಿದರು.

ನನಗೆ ಹೆಚ್ಚು ಆತಂಕ ತಂದದ್ದು ಇನ್ನೊಂದು ಮಾತು. ಹಿಂದಿನ ವಾರ ಅರೆನಿದ್ದೆಯಲ್ಲಿ ಎದ್ದು ಕುಳಿತು, ಮೈಎಸ್‌ಕ್ಯೂಎಲ್‌ನಲ್ಲಿ ದತ್ತಾಂಶ ಸಂಗ್ರಹಿಸಿಡುವ ಭಾಗವಾದ ಇನ್ನೋಡಿಬಿಯ ಬಲವಂತದ ಚೇತರಿಕೆಯ ಆಯ್ಕೆಯನ್ನು ಅದರ ಗರಿಷ್ಠ ಮಟ್ಟವಾದ 6ಕ್ಕೆ ಏರಿಸಲು ಕೈ ಹಾಕಿದ್ದರು. ಆ ಆಯ್ಕೆ 4 ಅಥವಾ ಅದಕ್ಕಿಂತ ಮೇಲಿದ್ದರೆ ದತ್ತಾಂಶ ಶಾಶ್ವತವಾಗಿ ಕೆಡಬಹುದೆಂದು ಮೈಎಸ್‌ಕ್ಯೂಎಲ್ ಕೈಪಿಡಿಯೇ ಎಚ್ಚರಿಸುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗಾಢ ನಿದ್ದೆಯಿಂದ ಎಬ್ಬಿಸಿದಾಗ ಮೊದಲ ಹದಿನೈದರಿಂದ ಮೂವತ್ತು ನಿಮಿಷ ಮಿದುಳಿನ ವಿವೇಚನೆ ಮಂದವಾಗಿರುವುದು ಸಹಜ. ಅದು ಅಜಾಗರೂಕತೆಯಲ್ಲ, ಶರೀರಧರ್ಮ. ಇಷ್ಟನ್ನು ವಿವರಿಸಿದ್ದೇ ಅವರಿಗೆ ಸ್ವಲ್ಪ ಸಮಾಧಾನ ತಂದಿತು.

ಬದುಕೇ ಬೇಡವೆನ್ನಿಸುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದೆ. ಇಲ್ಲವೆಂದರು. ಆದರೂ ಹಗಲು ರಾತ್ರಿಯೆನ್ನದೆ ಕನ್ನಡದಲ್ಲಿಯೂ ಮಾತನಾಡಬಹುದಾದ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಟ್ಟೆ.

ಸರ್ವರ್ ರಿಪೇರಿಯ ಬಗ್ಗೆ ಸಲಹೆ ಕೊಡುವುದು ನನ್ನ ಕೆಲಸವಲ್ಲ. ನಾನು ಹೇಳಿದ್ದು ಇಷ್ಟೇ: ಹಾಸಿಗೆಯ ಪಕ್ಕ ಒಂದು ನೋಟ್‌ಬುಕ್ ಇಡಿ, ಸರ್ವರ್ ಬಿದ್ದಾಗಲೆಲ್ಲ ಎಡಗಡೆ ಸಮಯದ ಸಮೇತ ಕಣ್ಣಿಗೆ ಕಂಡದ್ದನ್ನೂ ಬಲಗಡೆ ಆ ಕ್ಷಣ ಮನಸ್ಸು ಹೇಳಿದ್ದನ್ನೂ ಬರೆಯಿರಿ, ಸರ್ವರ್ ತಾನಾಗಿ ಎದ್ದು ನಿಂತಿದ್ದರೆ ರಾತ್ರಿ ಏನನ್ನೂ ಬದಲಿಸಬೇಡಿ, ಹಿಂದಕ್ಕೆ ತೆಗೆದುಕೊಳ್ಳಲಾಗದ ಯಾವ ಹೆಜ್ಜೆಯನ್ನೂ ಇನ್ನೊಬ್ಬರನ್ನು ಕೇಳದೆ ಇಡಬೇಡಿ.

ಮುಂದಿನ ಭೇಟಿಗೆ ತಂದ ಪುಟದ ಬಲಭಾಗ "ನನ್ನ ಕೈಲಿ ಆಗಲ್ಲ", "ಕೆಲಸ ಹೋಗುತ್ತೆ" ಎಂಬಂಥ ಸಾಲುಗಳಿಂದ ತುಂಬಿತ್ತು. ಎಡಭಾಗದಲ್ಲಿದ್ದ ಸಮಯಗಳೆಲ್ಲ ಎರಡೂವರೆಯ ಸುತ್ತಮುತ್ತಲಿನವೇ. ಅದನ್ನು ಹಗಲು ಹೊತ್ತಿನಲ್ಲಿ ಸಹೋದ್ಯೋಗಿಗೆ ತೋರಿಸಿ, ಈ ಬಾರಿ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಲಾಗ್ ತೆಗೆದು ನೋಡಿದಾಗ ವಿಷಯ ಬಯಲಾಯಿತು. ಮೆಮೊರಿ ಪೂರ್ತಿ ಬರಿದಾದಾಗ ಯಂತ್ರವನ್ನು ಉಳಿಸಿಕೊಳ್ಳಲು ಕರ್ನಲ್ ಸಾಮಾನ್ಯವಾಗಿ ಅತಿ ಹೆಚ್ಚು ಮೆಮೊರಿ ಹಿಡಿದಿರುವ ಪ್ರಕ್ರಿಯೆಯನ್ನು ಕೊಲ್ಲುತ್ತದೆ. ಹಾಗೆ ಕೊಲ್ಲಲ್ಪಟ್ಟ ಪ್ರಕ್ರಿಯೆಗೆ ತನ್ನ ಲಾಗ್‌ನಲ್ಲಿ ಒಂದಕ್ಷರ ಬರೆಯುವ ಅವಕಾಶವೂ ಸಿಗುವುದಿಲ್ಲವಾದ್ದರಿಂದ ಅವರು ವಾರಗಟ್ಟಲೆ ಹುಡುಕಿದ ಕಡೆ ಏನೂ ಸಿಗುವಂತಿರಲಿಲ್ಲ. ಡೇಟಾಬೇಸ್‌ಗೆಂದೇ ಮೀಸಲಾದ ಯಂತ್ರದಲ್ಲಿ ಮೆಮೊರಿಯ ಶೇಕಡಾ 80ರವರೆಗೆ ಬಫರ್ ಪೂಲ್‌ಗೆ (ದತ್ತಾಂಶವನ್ನು ಬೇಗ ಸಿಗುವಂತೆ ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ಕೊಡುವುದುಂಟು. ಇಲ್ಲಿಯೂ 32 ಜಿಬಿಯಲ್ಲಿ 26 ಜಿಬಿ ಕೊಟ್ಟಿದ್ದರು. ಆಮೇಲೆ ಯಾರೋ ರಾತ್ರಿ ಎರಡೂವರೆಗೆ ಓಡುವ ವರದಿಯ ಪ್ರೋಗ್ರಾಮ್ ಒಂದನ್ನು ಅದೇ ಯಂತ್ರಕ್ಕೆ ತಂದು ಹಾಕಿದ್ದರು, ಇವರಿಗೆ ತಿಳಿಸಿರಲಿಲ್ಲ. ಬಫರ್ ಪೂಲ್ ಇಳಿಸಿ, ವರದಿಯನ್ನು ಬೇರೆ ಯಂತ್ರಕ್ಕೆ ಕಳುಹಿಸಿದ ಮೇಲೆ ಸರ್ವರ್ ಬೀಳುವುದು ನಿಂತಿತು.

ಆದರೆ ಎರಡೂವರೆಗೆ ಅವರಿಗೆ ಎಚ್ಚರವಾಗುವುದು ನಿಲ್ಲಲಿಲ್ಲ. ಕಾರಣ ಹೋದರೂ ದೇಹ ಕಲಿತ ಕಾವಲು ಅಷ್ಟು ಬೇಗ ಸಡಿಲಗೊಳ್ಳುವುದಿಲ್ಲವೆಂದು ತಿಳಿಸಿ, ಗಡಿಯಾರವನ್ನು ಕಣ್ಣಿಗೆ ಕಾಣದಂತಿಡಲು, ಸುಮಾರು ಇಪ್ಪತ್ತು ನಿಮಿಷ ನಿದ್ದೆ ಹತ್ತದಿದ್ದರೆ ಹಾಸಿಗೆ ಬಿಟ್ಟೆದ್ದು ಮಂದ ಬೆಳಕಿನಲ್ಲಿ ಕುಳಿತು ತೂಕಡಿಕೆ ಬಂದಾಗಲೇ ಮರಳಲು, ರಾತ್ರಿ ಹೇಗೆ ಕಳೆದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳಲು ಸೂಚಿಸಿದೆ. ಸರ್ವರ್‌ನ ಎಚ್ಚರಿಕೆಗೆ ಮಾತ್ರ ಬೇರೆ ರಿಂಗ್‌ಟೋನ್ ಇಟ್ಟು, ಫೋನನ್ನು ಸದ್ದು ಕೇಳುವಷ್ಟು ದೂರದಲ್ಲಿ ಹಜಾರದಲ್ಲಿಡುವುದಕ್ಕೆ ಅವರು ಬಹಳ ಹಿಂಜರಿದರು; ಪತ್ನಿ "ಕೇಳಿಸ್ದೇ ಇದ್ರೆ ನಾನೇ ಎಬ್ಬಿಸ್ತೀನಿ ಬಿಡಿ" ಎಂದ ಮೇಲೆ ಒಪ್ಪಿದರು.

ಒಬ್ಬರೇ ವರ್ಷವಿಡೀ ರಾತ್ರಿಯ ಕರೆಗಳನ್ನು ಹೊರುವ ವ್ಯವಸ್ಥೆಯನ್ನು ಉಸಿರಾಟದ ಅಭ್ಯಾಸದಿಂದ ಸರಿಪಡಿಸಲು ಸಾಧ್ಯವಿಲ್ಲವೆಂಬುದು ನನ್ನ ದೃಢ ಅಭಿಪ್ರಾಯ. ಆದ್ದರಿಂದ ಮ್ಯಾನೇಜರ್‌ಗೆ ಕೊಡಬೇಕಾದ ಪತ್ರವನ್ನು ಭೇಟಿಯಲ್ಲೇ ಕುಳಿತು ಸಿದ್ಧಪಡಿಸಿದೆವು. ಅದರಲ್ಲಿ ಯಾರನ್ನೂ ದೂರದೆ, ನೋಟ್‌ಬುಕ್ಕಿನ ಎಡಭಾಗವನ್ನಷ್ಟೇ ಇಳಿಸಿ, ಎರಡು ಬೇಡಿಕೆಗಳನ್ನಿಟ್ಟರು: ರಾತ್ರಿ ಪಾಳಿಗೆ ಇನ್ನೊಬ್ಬರು, ಮತ್ತು ಕರೆ ಬಂದ ಮರುದಿನ ಬೆಳಿಗ್ಗೆ ತಡವಾಗಿ ಬರಲು ಅನುಮತಿ. ಮೊದಲನೆಯದು ಮಂಜೂರಾಗಿ, ಈಗ ವಾರ ಬಿಟ್ಟು ವಾರ ಅವರ ಪಾಳಿ. ಎರಡನೆಯದಕ್ಕೆ ಉತ್ತರ ಬಂದಿಲ್ಲ. ಮುಂದಿನ ಭೇಟಿಯಲ್ಲಿ ಜ್ಞಾಪನಾ ಪತ್ರ ಬರೆಯಲಿದ್ದೇವೆ.