ಹುಬ್ಬಳ್ಳಿಯ 25 ವರ್ಷದ ಸ್ಲ್ಯಾಬ್ ಸೋರುತ್ತಿದೆ: ಬಳಿಸಬೇಕೋ, ಪತ್ರಾಸ್ ಹಾಕಿಸಬೇಕೋ, ಒಡೆಸಬೇಕೋ?

ಹುಬ್ಬಳ್ಳಿಯ ನಿಮ್ಮ ಮನೆಯ ಸ್ಲ್ಯಾಬ್ ಸೋರಿ ಛತ್ತಿಗೆ ಬಿಳಿ ಕಲೆ ಬಂದಿದೆ, ಮೂವರು ಮೂರು ಮಾತು ಹೇಳಿದರು ಅಂತ ಪತ್ರ ಬರೆದೀರಿ. ಪೇಂಟ್ ಅಂಗಡಿಯವರು ಕೆಮಿಕಲ್ ಬಳಿಸಿ ಅಂದರು, ವೆಲ್ಡಿಂಗಿನವರು ಮಾಳಿಗೆ ಮೇಲೆ ಪತ್ರಾಸ್ (ತಗಡಿನ ಚಾವಣಿ) ಹಾಕಿಸಿ ಅಂದರು, ಗೌಂಡಿ ಒಡೆದು ಹೊಸ ಸ್ಲ್ಯಾಬ್ ಹಾಕೋಣ ಅಂದ. ಅವರವರಿಗೆ ಬರುವ ಕೆಲಸ ಅವರವರು ಹೇಳಿದ್ದಾರೆ. ಆದರೆ ಮೂವರೂ ನೋಡಿದ್ದು ಮಾಳಿಗೆ ಹತ್ತಿ. ನೀವು ಮೊದಲು ಕೆಳಗ ನಿಂತು ಛತ್ತು ನೋಡ್ರಿ. ಒಡೆಯಬೇಕೋ ಬೇಡವೋ ಅನ್ನೋದು ಒಳಗಿನ ಕಬ್ಬಿಣದ ಮೇಲೆ ನಿಂತದ.

ಸಣ್ಣ ಸುತ್ತಿಗೆಯಿಂದ ಸೋರುವ ಕಡೆಯೆಲ್ಲ ಮೆಲ್ಲಗೆ ತಟ್ಟುತ್ತ ಹೋಗ್ರಿ. ಮಕ್ಕಳನ್ನು ಆಚೆ ಕಳಿಸಿ, ತಲೆಗೆ ಹೆಲ್ಮೆಟ್ ಇರಲಿ. ಪೊಳ್ಳು ಸದ್ದು ಬಂದಲ್ಲಿ ಗಿಲಾವು ಬಿಟ್ಟಿರುತ್ತದೆ, ಇಲ್ಲಾ ಕಾಂಕ್ರೀಟೇ ಬಿಟ್ಟಿರುತ್ತದೆ. ಸರಳುಗಳ ಸಾಲು ಹಿಡಿದು ಬಿರುಕು, ಅದರಗುಂಟ ಕಂದು ಕಲೆ ಕಂಡರೆ ತುಕ್ಕು ಹಿಡಿದಿದೆ ಅಂತಲೇ ತಿಳೀರಿ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮಿಕ್ಕಿ ಜಾಗ ಬೇಡುತ್ತದೆ. ಸರಳಿನ ಕೆಳಗೆ ಇರೋದು 20 ಮಿಲಿಮೀಟರ್ ಆಸುಪಾಸಿನ ಕಾಂಕ್ರೀಟ್, ಅದು ತಾಳದೆ ಚಕ್ಕೆಯೆದ್ದು ಬೀಳುತ್ತದೆ. ಒಂದೆರಡು ಕಡೆ ಹೀಗಾಗಿದ್ದರೆ ಪೊಳ್ಳು ಕೆತ್ತಿ, ತುಕ್ಕು ತಿಕ್ಕಿ ತೆಗೆದು, ಪಾಲಿಮರ್ ಬೆರೆಸಿದ ಸಿಮೆಂಟ್ ಗಾರೆ ತುಂಬಿಸಬಹುದು. ಕೋಣೆ ತುಂಬ ಹೀಗೇ ಇದ್ದರೆ, ಸರಳು ಸವೆದು ಸಣ್ಣಗಾಗಿದ್ದರೆ, ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡುವ ತನಕ ಆ ಕೋಣೆಯಲ್ಲಿ ಮಲಗಬೇಡ್ರಿ.

ನೀವು ಬರೆದಿದ್ದು ಬಿಳಿ ಉಪ್ಪಿನಂಥ ಕಲೆ. ಅದು ನೀರಿನ ಜೊತೆ ಇಳಿದು ಬಂದ ಸುಣ್ಣ. ತಟ್ಟಿದಾಗ ಸದ್ದೂ ಗಟ್ಟಿ ಇದ್ದರೆ ಒಡೆಯುವ ಮಾತು ಬಿಡ್ರಿ. ಕೆಲಸ ಮೇಲೆ ಇದೆ.

ಮೇಲೆ ಮೊದಲು ನೋಡಬೇಕಾದ್ದು ಇಳಿಜಾರು. ಹತ್ತು ಅಡಿಗೆ ಒಂದು ಇಂಚಿಗಿಂತ ತುಸು ಹೆಚ್ಚು ಇಳಿಜಾರು ಬೇಕು. ಮಳೆ ನಿಂತು ಒಂದು ದಿನವಾದರೂ ನೀರು ನಿಂತೇ ಇದ್ದರೆ ಎಂಥ ದುಬಾರಿ ಕೋಟಿಂಗ್ ಬಳಿದರೂ ಬೇಗ ಏಳುತ್ತದೆ. ಆಮೇಲೆ ಪ್ಯಾರಾಪೆಟ್ ಗೋಡೆ ಸ್ಲ್ಯಾಬಿಗೆ ಕೂಡುವ ಮೂಲೆ, ಪೈಪ್ ತೂರಿಸಿದ ತೂತು, ನೀರಿನ ಟ್ಯಾಂಕಿನ ಬುಡ. ನಾನು ನೋಡಿದ ಸೋರಿಕೆಗಳಲ್ಲಿ ಬಹಳಷ್ಟು ಇವೇ. ನೀರು ಹರಿದುಹೋಗುವ ಹೊರದಾರಿಯಲ್ಲಿ ಎಲೆ ಕಟ್ಟಿಕೊಂಡು ಮಾಳಿಗೆ ಕೆರೆಯಾದದ್ದೂ ಉಂಟು, ಅದಕ್ಕೆ ಖರ್ಚು ಒಂದು ಕಸಬರಿಗೆ.

ಹುಬ್ಬಳ್ಳಿಯ ಮನೆಗೆ ಇನ್ನೊಂದು ಪರೀಕ್ಷೆ ಬೇಕು. ನಿಮ್ಮ ಮನೆ ಎರಿ (ಕಪ್ಪು) ಮಣ್ಣಿನ ಮೇಲಿದ್ದರೆ ಬೇಸಿಗೆಯಲ್ಲಿ ನೆಲ ಕುಗ್ಗುತ್ತದೆ, ಮಳೆಗೆ ಉಬ್ಬುತ್ತದೆ, ಪಾಯ ಆಳವಿಲ್ಲದಿದ್ದರೆ ಗೋಡೆಯೂ ಜೊತೆಗೆ ಅಲುಗುತ್ತದೆ. ಗೋಡೆಯಲ್ಲೋ ಸ್ಲ್ಯಾಬಿನಲ್ಲೋ ಬಿರುಕಿದ್ದರೆ ಅದರ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ಅಗಲ, ತಾರೀಖು ಬರೆದಿಡ್ರಿ. ರೋಹಿಣಿ ಮಳೆಯ ಹೊತ್ತಿಗೆ (ಮೇ ಕೊನೆ) ಒಮ್ಮೆ, ಆರಿದ್ರಾ ಮಳೆ ಮುಗಿದ ಮೇಲೆ (ಜುಲೈ ಮೊದಲ ವಾರ) ಒಮ್ಮೆ ನೋಡ್ರಿ. ಬಿರುಕು ಹಿಗ್ಗಿ ಕುಗ್ಗುತ್ತಿದ್ದರೆ ಮಾಳಿಗೆಗೆ ಸುರಿಯುವ ರೊಕ್ಕ ದಂಡ, ಮೊದಲು ಪಾಯದ ಸುತ್ತ ನೀರು ನಿಲ್ಲದಂತೆ ಮಾಡಿಸಬೇಕು.

ಪತ್ರಾಸ್ ನನಗೂ ಸೇರುತ್ತದೆ, ಬಿಸಿಲೂ ತಗ್ಗುತ್ತದೆ. ಆದರೆ ಸ್ಲ್ಯಾಬ್ ಗಟ್ಟಿ ಇದೆ ಅಂತ ಖಾತ್ರಿಯಾದ ಮೇಲೆ. ಅದರ ಕಂಬ ನಿಲ್ಲಿಸಲು ಸ್ಲ್ಯಾಬಿಗೆ ತೂತು ಕೊರೆದರೆ ಹೊಸ ಸೋರಿಕೆಗೆ ನೀವೇ ದಾರಿ ಮಾಡಿದಂತೆ, ಎಪ್ರಿಲ್-ಮೇ ತಿಂಗಳ ಅಡ್ಡಮಳೆಯ ಗಾಳಿಯನ್ನೂ ಲೆಕ್ಕಕ್ಕೆ ಹಿಡೀರಿ.

ಬಳಿಸುವ ಕೆಲಸ ಸ್ಲ್ಯಾಬ್ ಪೂರ್ತಿ ಒಣಗಿರುವ ಫೆಬ್ರುವರಿ-ಮಾರ್ಚಿನಲ್ಲೇ ಮುಗಿಸ್ರಿ. ಅಕ್ರಿಲಿಕ್ ಕೋಟಿಂಗ್ ಬಿಸಿಲು ಮಳೆಗೆ ಸವೆಯುತ್ತದೆ, ಕೆಲವು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು. ಕೊನೆಯ ಕಂತು ಕೊಡುವ ಮೊದಲು ಹೊರದಾರಿ ಮುಚ್ಚಿ ಒಂದು ಇಂಚು ನೀರು ನಿಲ್ಲಿಸಿ 24 ಗಂಟೆ ನೋಡ್ರಿ. ಸಾವಿರ ಚದರಡಿಗೆ ಆ ಒಂದಿಂಚು ನೀರೇ ಎರಡು ಟನ್ನಿಗೂ ಹೆಚ್ಚು ತೂಗುತ್ತದೆ, ಹಾಗಾಗಿ ಸುತ್ತಿಗೆ ಪರೀಕ್ಷೆಯಲ್ಲಿ ಪಾಸಾದ ಸ್ಲ್ಯಾಬಿಗೆ ಮಾತ್ರ ಇದು.