ಬಂಡೆಗೆ ಬಿದ್ದ ಎರಡು ಏಟು

ಪ್ರಿಯ ಓದುಗರೇ,

‘40 ವರ್ಷ ಜನರ ಕಾಟ ಸಹಿಸಿದ ಇಸ್ರಾಯೇಲರ ನಾಯಕ ಮೋಶೆ ಒಂದೇ ಒಂದು ಸಲ ತಪ್ಪಿದ್ದಕ್ಕೆ, ದೇವರು ಮಾತುಕೊಟ್ಟ ಕಾನಾನ್ ದೇಶಕ್ಕೆ ಕಾಲಿಡಬಾರದೆಂದರೆ ಇದೆಂಥ ನ್ಯಾಯ?’ ಎಂದು ಕೇಳಿದ್ದೀರಿ. ನನ್ನನ್ನೂ ಬಹಳ ಕಾಡಿದ ಪ್ರಶ್ನೆಯಿದು.

ಬೈಬಲಿನ ಅರಣ್ಯಕಾಂಡದ 20ನೇ ಅಧ್ಯಾಯವನ್ನು ಮೊದಲ ವಚನದಿಂದಲೇ ಓದಿ. ಕಾದೇಶಿನಲ್ಲಿ ಮಿರ್ಯಾಮಳು ಸತ್ತಳು, ಅಲ್ಲೇ ಹೂಣಿಟ್ಟರು. ಮರುವಚನದಲ್ಲೇ ನೀರಿಲ್ಲವೆಂದು ಜನರ ಜಗಳ. ಅಕ್ಕನಿಗಾಗಿ ಅಳಲು ಮೋಶೆಗೆ ಬಿಡುವು ಸಿಕ್ಕಿತೋ ಇಲ್ಲವೋ! ಬಂಡೆಯೊಂದಿಗೆ ಮಾತಾಡು ಎಂದು ದೇವರ ಅಪ್ಪಣೆ. ಅವನು ಮಾತಾಡಿದ್ದು ಜನರೊಂದಿಗೆ. ದ್ರೋಹಿಗಳೇ, ನಾವು ನಿಮಗೆ ಈ ಬಂಡೆಯಿಂದ ನೀರು ತರಿಸಬೇಕೋ ಎಂದು ಗದರಿ, ಕೋಲೆತ್ತಿ ಎರಡು ಸಲ ಹೊಡೆದ.

ತಪ್ಪು ಯಾವುದು? ಮಾತಾಡುವ ಬದಲು ಹೊಡೆದದ್ದು ಎಂದ ಯೆಹೂದಿ ವ್ಯಾಖ್ಯಾನಕಾರ ರಾಶಿ. ಸಿಟ್ಟು ಎಂದ ಯೆಹೂದಿ ತತ್ವಜ್ಞಾನಿ ಮೈಮೊನಿಡೀಸ್. ‘ನಾವು ತರಿಸಬೇಕೋ’ ಎಂಬ ಮಾತೇ ತಪ್ಪು ಎಂಬುದನ್ನು ಎತ್ತಿಹಿಡಿದವನು 13ನೇ ಶತಮಾನದ ಯೆಹೂದಿ ಪಂಡಿತ ನಾಹ್ಮನಿಡೀಸ್. ನನ್ನ ಮನಸ್ಸು ಒಪ್ಪುವುದು ಇದನ್ನೇ. ಆ ‘ನಾವು’ ಎಂಬಲ್ಲಿ ದೇವರಿಗೆ ಜಾಗವೇ ಉಳಿಯಲಿಲ್ಲ. ಆದರೂ ನೀರು ಬಂತು, ನೋಡಿ. ಜನರೂ ದನಕರುಗಳೂ ಹೊಟ್ಟೆ ತುಂಬ ಕುಡಿದರು. ಮೋಶೆಯ ತಪ್ಪಿಗೆ ಅವರನ್ನು ಬಾಯಾರಿಸಲಿಲ್ಲ.

ದೇವರು ಕೊಟ್ಟ ಕಾರಣ, ‘ನೀವು ನನ್ನನ್ನು ನಂಬಲಿಲ್ಲ’ ಎಂಬುದು. ಹಿಂದೆ ಕಾನಾನನ್ನು ನೋಡಿಬರಲು ಇದೇ ಕಾದೇಶಿನಿಂದ ಹೊರಟ ಗೂಢಚಾರರು ಮರಳಿ ಬಂದು ಹೆದರಿಸಿದಾಗ, ಜನರ ಮೇಲೆ ಬಂದ ಆರೋಪವೂ ಇದೇ. ಹೀಬ್ರೂವಿನಲ್ಲಿ ಕ್ರಿಯಾಪದವೂ ಒಂದೇ. ಆ ತಲೆಮಾರೆಲ್ಲ ಅರಣ್ಯದಲ್ಲೇ ಮಣ್ಣಾಯಿತು. ಅಪ್ಪ ಅಮ್ಮಂದಿರನ್ನು ಮರಳಲ್ಲಿ ಹೂತು ಬಂದ ಮಕ್ಕಳೆದುರು, ನಾಯಕನಿಗೊಂದು ನ್ಯಾಯ ಉಳಿದವರಿಗೊಂದು ನ್ಯಾಯ ಎಂದಾಗಿದ್ದರೆ? ನನಗೆ ಈ ತೀರ್ಪು ಅರ್ಥವಾಗತೊಡಗಿದ್ದು ಅಲ್ಲಿಂದ.

ಇನ್ನೊಂದು ಮಾತು. ಹೀಬ್ರೂವಿನ ‘ಮೂಸಾರ್’ ಎಂದರೆ ದಂಡಿಸುವುದೂ ಹೌದು, ತಿದ್ದಿ ಕಲಿಸುವುದೂ ಹೌದು. ನಮ್ಮ ಶಿಕ್ಷೆ, ಶಿಕ್ಷಕ ಎರಡೂ ಒಂದೇ ಬೇರಿನವಲ್ಲವೇ? ತಂದೆ ಮಗನನ್ನು ಶಿಕ್ಷಿಸುವಂತೆ ದೇವರು ನಿಮ್ಮನ್ನು ಶಿಕ್ಷಿಸುತ್ತಾನೆ ಎಂದು ಧರ್ಮೋಪದೇಶಕಾಂಡದ 8ನೇ ಅಧ್ಯಾಯದಲ್ಲಿ ಜನರಿಗೆ ಹೇಳುವವನು ಮೋಶೆಯೇ. ತನಗಾದ ಶಿಕ್ಷೆಯನ್ನು ಎದೆಯಲ್ಲಿಟ್ಟುಕೊಂಡು ಆಡಿದ ಮಾತದು.

ಅವನು ಸುಮ್ಮನೆ ತಲೆಬಾಗಲಿಲ್ಲ. ಯೊರ್ದನ್ ನದಿ ದಾಟಿ ಕಾನಾನಿಗೆ ಹೋಗಲು ಬಿಡು ಎಂದು ಅಂಗಲಾಚಿದ. ‘ಸಾಕು, ಇನ್ನು ಈ ಮಾತೆತ್ತಬೇಡ’ ಎಂಬ ಉತ್ತರ ಬಂತು. ಆ ಸಾಲು ಈಗಲೂ ನನ್ನ ಎದೆ ಕಲಕುತ್ತದೆ, ಅದರ ಕಠಿಣತೆಯನ್ನು ನಾನು ಮೆದುಗೊಳಿಸಲಾರೆ. ಆದರೆ ನೆಬೋ ಬೆಟ್ಟದ ಮೇಲೆ ಅವನನ್ನು ನಿಲ್ಲಿಸಿ, ಗಿಲ್ಯಾದಿನಿಂದ ಖರ್ಜೂರದ ಪಟ್ಟಣವಾದ ಯೆರಿಕೋವಿನ ಬಯಲಿನವರೆಗೆ ದೇಶವನ್ನೆಲ್ಲ ತೋರಿಸಿದವನೂ ಆ ದೇವರೇ. 120 ವರ್ಷದ ಆ ಮುದುಕನ ಕಣ್ಣು ಇನ್ನೂ ಮಬ್ಬಾಗಿರಲಿಲ್ಲ. ಸತ್ತ ಮೇಲೆ ಮೋವಾಬಿನ ಕಣಿವೆಯಲ್ಲಿ ಅವನನ್ನು ಹೂಣಿಟ್ಟವನೂ ಆತನೇ.

— ಸಂಪಾದಕ